ನಂಜನಗೂಡಿನ ರಸಬಾಳೆ, ಒಂದು ಬಟ್ಟಲು ಬಿಸಿ ರಾಗಿ ಗಂಜಿ

ಮೈಸೂರಿನಿಂದ ಊಟಿ ಕಡೆ ಹೊರಟವರಿಗೆ ನಂಜನಗೂಡು ಅಂದ್ರೆ ಸಾಮಾನ್ಯವಾಗಿ ಅರ್ಧ ಗಂಟೆಯ ನಿಲುಗಡೆ. ಶ್ರೀಕಂಠೇಶ್ವರನಿಗೆ ಕೈಮುಗಿದು, ಒಂದು ಕಾಫಿ ಕುಡಿದು ಗುಂಡ್ಲುಪೇಟೆ ದಾರಿ ಹಿಡಿಯೋದೇ ರೂಢಿ. ಮುಂದಿನ ಸಲ ಸ್ವಲ್ಪ ಬೇಗ ಹೊರಡಿ. ಮೈಸೂರಿನಿಂದ ಇರೋದು ಸುಮಾರು 25 ಕಿ.ಮೀ. ಅಷ್ಟೇ. ಬೆಳಗಿನ ಹೊತ್ತು ಕಪಿಲಾ ನದಿಯ ದಡದಲ್ಲಿ ನಿಂತು, 1735ರಲ್ಲಿ ಕಟ್ಟಿದ ಹಳೇ ಸೇತುವೆಯನ್ನು ಒಮ್ಮೆ ನೋಡಿ. ಒಂದು ಕಾಲಕ್ಕೆ ಅದರ ಮೇಲೆ ಬಸ್ಸೂ ಹೋಗ್ತಿತ್ತು, ರೈಲೂ ಹೋಗ್ತಿತ್ತು. ಆಮೇಲೆ ಊರಿನೊಳಗೆ ಹಣ್ಣಿನ ಅಂಗಡಿ ಹುಡುಕಿ. ಈ ಪ್ರಯಾಣದ ನಿಜವಾದ ಕೆಲಸ ಅದೇ: ರಸಬಾಳೆ ಕೊಳ್ಳೋದು.

ರಸಬಾಳೆಯನ್ನು ಗುರುತಿಸೋದು ಕಷ್ಟವೇನಲ್ಲ. ಸಿಪ್ಪೆ ಕಾಗದದಷ್ಟು ತೆಳು. ಮಾಗಿದ ಮೇಲೆ ಮೈತುಂಬ ಕಪ್ಪು ಚುಕ್ಕೆ ಬೀಳುತ್ತೆ. ಕೆಟ್ಟೋಯ್ತು ಅಂತ ಬಿಡಬೇಡಿ, ಒಳಗಿನ ತಿರುಳು ರುಚಿಗೆ ಬರೋದೇ ಆಗ. ಬಾಳೆಕಾಯಿಯಲ್ಲಿರುವ ಪಿಷ್ಟ ಹಣ್ಣಾಗುತ್ತಾ ಸಕ್ಕರೆಯಾಗಿ ಬದಲಾಗುತ್ತೆ. ಇಲ್ಲಿನ ಕಪ್ಪು ಜೇಡಿಮಣ್ಣಿನಿಂದಲೇ ಈ ಪರಿಮಳ, ಈ ಸಿಹಿ ಅನ್ನೋದು ಊರಿನವರ ಮಾತು. ನಂಜನಗೂಡು ರಸಬಾಳೆಗೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಅಂದ್ರೆ ಬೇರೆ ಕಡೆ ಬೆಳೆದ ಹಣ್ಣನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ.

ಹೆಸರು ಇಷ್ಟು ದೊಡ್ಡದಿದ್ದರೂ ಹಣ್ಣು ಸಿಗೋದು ಕಡಿಮೆ. ಕಾರಣ ಪನಾಮಾ ಸೊರಗು ರೋಗ. ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಬೇರಿನಿಂದ ಒಳಹೊಕ್ಕು ಗಿಡದ ನೀರಿನ ನಾಳಗಳನ್ನೇ ಕಟ್ಟಿಬಿಡುತ್ತೆ. ಎಲೆ ಹಳದಿಯಾಗಿ, ಜೋತುಬಿದ್ದು, ಗಿಡ ನಿಂತಲ್ಲೇ ಸೊರಗುತ್ತೆ. ಒಮ್ಮೆ ಬಂದರೆ ಮದ್ದಿಲ್ಲ, ಹತ್ತಾರು ವರ್ಷ ಅದೇ ಮಣ್ಣಿನಲ್ಲಿ ಉಳಿದುಬಿಡುತ್ತೆ. ಅಂಗಾಂಶ ಕೃಷಿಯ ಸಸಿ ರೋಗವಿಲ್ಲದೆ ಬರುತ್ತೆ ನಿಜ, ಆದರೆ ಅದನ್ನು ನೆಡುವ ಮಣ್ಣಿನಲ್ಲೇ ರೋಗ ಇದ್ದರೆ ರೈತ ಏನು ಮಾಡಬೇಕು? ಈ ರೋಗದ ಹಳೆಯ ರೂಪವನ್ನು ಪಚ್ಚಬಾಳೆ ತಡೆದುಕೊಳ್ಳುತ್ತೆ, ರಸಬಾಳೆ ತಡೆಯೋಲ್ಲ. ಹಾಗಾಗಿ ರಸಬಾಳೆ ಹಾಕೋ ರೈತ ಪ್ರತಿ ಸಲವೂ ಜೂಜಾಡಿದಂತೆಯೇ. ಆ ಜೂಜಿಗೆ ತಕ್ಕ ಬೆಲೆ ನಾವು ಕೊಡದಿದ್ದರೆ ಅವನು ಬೇರೆ ಬೆಳೆ ಹಾಕ್ತಾನೆ. ತಪ್ಪು ಅನ್ನೋಕಾಗುತ್ತಾ?

ಹಣ್ಣು ಸಿಕ್ಕಿತು ಅಂತಿಟ್ಟುಕೊಳ್ಳಿ. ಬ್ಯಾಗಿನ ತಳಕ್ಕೆ ಹಾಕಬೇಡಿ, ತೆಳು ಸಿಪ್ಪೆ ತಡೆಯೋಲ್ಲ. ಬುಟ್ಟಿಯಲ್ಲೋ ಮಡಿಲಲ್ಲೋ ಇಟ್ಟುಕೊಂಡು ಊರಿಗೆ ತನ್ನಿ. ಮರುದಿನ ಆಫೀಸಿಗೆ ಲಾಗಿನ್ ಆಗೋ ಮುಂಚೆ ಹತ್ತು ನಿಮಿಷ ಸಾಕು.

ಒಬ್ಬರಿಗೆ ದೊಡ್ಡ ಚಮಚದಲ್ಲಿ 2 ಚಮಚ ರಾಗಿ ಹಿಟ್ಟು. ಮೊದಲು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಹಿಟ್ಟನ್ನು ನೇರವಾಗಿ ಬಿಸಿನೀರಿಗೆ ಸುರಿದರೆ ಹೊರಗಿನ ಪದರ ತಕ್ಷಣ ಬೆಂದು, ಒಳಗೆ ಒಣಹಿಟ್ಟು ಹಾಗೇ ಉಳಿಯುತ್ತೆ, ಗಂಟಾಗೋದು ಅದಕ್ಕೇ. ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು ಹಾಕಿ ಕುದಿಸಿ, ಕಲಸಿದ್ದನ್ನು ಸುರಿದು, ಸಣ್ಣ ಉರಿಯಲ್ಲಿ 5 ನಿಮಿಷ ಕೈಬಿಡದೆ ತಿರುವಿ. ಹಸಿ ವಾಸನೆ ಹೋಗಿ, ಬಣ್ಣ ಕಡುವಾಗಿ, ಹೊಳಪು ಬಂದರೆ ಬೆಂದಿದೆ ಅಂತ ಅರ್ಥ. ಒಲೆ ಆರಿಸಿ, ಅರ್ಧ ಲೋಟ ಬಿಸಿ ಹಾಲು, ಚೂರು ಏಲಕ್ಕಿ ಪುಡಿ ಹಾಕಿ. ಕೊನೆಗೆ ಒಂದು ರಸಬಾಳೆಯನ್ನು ಕೈಯಲ್ಲೇ ಕಿವುಚಿ ಬೆರೆಸಿ, ಇನ್ನೊಂದನ್ನು ಬಿಲ್ಲೆ ಮಾಡಿ ಮೇಲೆ ಹರಡಿ. ಹಣ್ಣನ್ನು ಕುದಿಸಬೇಡಿ, ಪರಿಮಳ ಹೋಗುತ್ತೆ. ಚೆನ್ನಾಗಿ ಮಾಗಿದ ಹಣ್ಣಾದರೆ ಬೆಲ್ಲ ಬೇಕೇ ಆಗೋಲ್ಲ.

ಹೊಟ್ಟೆ ಮಧ್ಯಾಹ್ನದವರೆಗೂ ಗಟ್ಟಿ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಹತ್ತಿರಕ್ಕೂ ಬರೋಲ್ಲ. ಇನ್ನೊಂದು ವಿಷಯ ಗೊತ್ತಾ? ನಮ್ಮದೇ ಅಂದುಕೊಂಡಿರೋ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಬಾಳೆಯ ಮೂಲ ಆಗ್ನೇಯ ಏಷ್ಯಾ ಕಡೆಯದು. ಎರಡೂ ದೂರದಿಂದ ಬಂದು ಈ ಮಣ್ಣಿನಲ್ಲಿ ಬೇರುಬಿಟ್ಟು ಇಲ್ಲಿಯವೇ ಆಗಿಬಿಟ್ಟವು.

ಇವೆರಡರಲ್ಲಿ ರಾಗಿಯ ಭವಿಷ್ಯದ ಚಿಂತೆ ಸದ್ಯಕ್ಕಿಲ್ಲ. ಈಗ ಮಾಲ್‌ಗಳಲ್ಲೂ ಅದಕ್ಕೆ ಮರ್ಯಾದೆ. ರಸಬಾಳೆಗೆ ಆ ಅದೃಷ್ಟ ಇನ್ನೂ ಬಂದಿಲ್ಲ. ಅದಕ್ಕೇ ಅಂಗಡಿಯವರನ್ನು ಕೇಳಿ: "ಅಣ್ಣಾ, ಇದು ನಂಜನಗೂಡು ಕಡೆ ಬೆಳೆದದ್ದೇನಾ? ಯಾವ ಊರಿನ ತೋಟದ್ದು?" ಹೌದು ಅಂತ ಖಾತ್ರಿಯಾದರೆ ಚೌಕಾಸಿ ಮಾಡಬೇಡಿ. ಕೇಳೋರು, ಕೊಳ್ಳೋರು ಇದ್ದರಷ್ಟೇ ಬೆಳೆಯೋರು ಉಳೀತಾರೆ.