ಅಜ್ಜಿ ಕಸಿದ ತಟ್ಟೆ

ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊಗೆ ಬಂದ ಹೊಸತು. ಅಂಗಡಿಯಲ್ಲಿ ಚೊರಿಸೊ ಕಂಡೆ, ಮಸಾಲೆ ಹಾಕಿದ ಹಂದಿಮಾಂಸದ ಸಾಸೇಜು. ಹಿಂದೆ ತಿಂದಿದ್ದು ಸ್ಪೇನ್‌ನದು. ಅದನ್ನು ಒಣಗಿಸಿ ಹದ ಮಾಡಿರುತ್ತಾರೆ, ಹಾಗೇ ತಿನ್ನಬಹುದು. ಇದನ್ನೂ ಕತ್ತರಿಸಿ ಮಗನ ಮುಂದಿಟ್ಟೆ. ಕೊತ್ತಂಬರಿ ಸೊಪ್ಪು ಕೊಡಲು ಬಂದ ಪಕ್ಕದ ಮನೆಯ ಮೆಕ್ಸಿಕನ್ ಅಜ್ಜಿ ತಟ್ಟೆ ಕಸಿದುಕೊಂಡರು. "ಇದು ಹಸಿ ಮಾಂಸ!" ನನ್ನ ಕೈಕಾಲು ತಣ್ಣಗಾದವು.

ಅಜ್ಜಿ ಪೊಟ್ಟಣ ತಿರುಗಿಸಿ ಓದಿಸಿದರು: ಹಂದಿಯ ಜೊಲ್ಲುಗ್ರಂಥಿ, ದುಗ್ಧಗ್ರಂಥಿ, ಕೊಬ್ಬು. ಅಗ್ಗದ್ದರಲ್ಲಿ ಹೀಗೂ ಇರುತ್ತದಂತೆ. ಬೇಯಿಸಿ ತಿಂದರೆ ತಪ್ಪೇನಿಲ್ಲ, ಆದರೆ ಬಾಣಲೆಯಲ್ಲಿ ಬರೀ ಎಣ್ಣೆ, ಮುದ್ದೆ. ಮರುದಿನ ಮಾಂಸದಂಗಡಿಗೆ ತಾವೇ ಕರೆದೊಯ್ದರು. ಪಟ್ಟಿಯಲ್ಲಿ ಮೊದಲ ಹೆಸರು ಹಂದಿಮಾಂಸವೇ ಇರಬೇಕು, ಆಮೇಲೆ ಒಣಮೆಣಸಿನಕಾಯಿ, ವಿನೆಗರ್, ಬೆಳ್ಳುಳ್ಳಿ. ಮುಟ್ಟಿದರೆ ಮಾಂಸ ತರಿತರಿಯಾಗಿ ಸಿಗಬೇಕು.

ಸಿಪ್ಪೆ ಸೀಳಿ, ಉದುರುದುರಾಗಿ ಹುರಿದೆವು. ಮೆಣಸಿನಕಾಯಿಯ ಕೆಂಪಿನಿಂದಾಗಿ ಬಣ್ಣ ನೋಡಿ ಬೆಂದಿತೆನ್ನುವಂತಿಲ್ಲ. ಹಾಗಾಗಿ ಥರ್ಮಾಮೀಟರ್ ಚುಚ್ಚಿ 71 ಡಿಗ್ರಿ ಸೆಲ್ಸಿಯಸ್ ಆದ ಮೇಲೆಯೇ ಮೊಟ್ಟೆ ಒಡೆದು ಹಾಕಿದ್ದು. ಹುಳಿ ಘಮ ಎದ್ದಾಗ ಮಡಿಕೇರಿಯ ಅಡುಗೆಮನೆ, ಕಾಚಂಪುಳಿ ನೆನಪಾಯಿತು.

ಮಗ ಇಣುಕಿ ಕೇಳಿದ: "ಅಮ್ಮಾ, ಪಂದಿ ಕರಿನಾ?"