ಆ ಈಜುಕೊಳ ನನ್ನದಲ್ಲ

(1/6)

ಮೊದಲು ಒಂದು ವಿಷಯ ಒಪ್ಕೊಂಡುಬಿಡ್ತೀನಿ. ಡಿಸೆಂಬರಲ್ಲಿ ನಾನು ಹಾಕಿದ್ದ ಆ ನೀಲಿ ಈಜುಕೊಳದ ಫೋಟೋ ನೆನಪಿದ್ಯಾ? ಹಿಂದೆ ಸಮುದ್ರ, ಪಕ್ಕದಲ್ಲಿ ತೆಂಗಿನಮರ, ಕೆಳಗೆ ನಾನು ಬರೆದಿದ್ದು ಎರಡೇ ಪದ: 'ಮೆಕ್ಸಿಕೋ ಡೈರಿ'. ನಮ್ಮ ಬ್ಯಾಚಿನವರೆಲ್ಲ ಸಾಲಾಗಿ ಬಂದು ಬೆಂಕಿ ಎಮೋಜಿ ಹಾಕಿದ್ರಿ. 'ಸೆಟ್ಲ್ ಆಗ್ಬಿಟ್ಯಲ್ಲೇ ಮಾರಾಯ್ತಿ' ಅಂದ್ರಿ. ನಾನು ಎಲ್ಲಕ್ಕೂ ಹಾರ್ಟ್ ಒತ್ತಿ ಸುಮ್ಮನಾದೆ.

ಆ ಈಜುಕೊಳ ನಾನು ಉಳಿದುಕೊಂಡಿದ್ದ ಜಾಗದ್ದಲ್ಲ. ಕಾಗದದ ಹೂವಿನ ಬೇಲಿಯ ಸಂದಿಯಲ್ಲಿ ಫೋನ್ ತೂರಿಸಿ ತೆಗೆದ ಫೋಟೋ ಅದು. ಮುಳ್ಳು ತರಚಿದ ಗುರುತು ಮೊಣಕೈ ಮೇಲೆ ಈಗಲೂ ಇದೆ. ನಾನು ಮಲಗಿದ್ದು ಎಂಟು ಜನರ ಹಾಸ್ಟೆಲ್ ರೂಮಿನಲ್ಲಿ, ಮೇಲಿನ ಮಂಚದಲ್ಲಿ, ಫ್ಯಾನಿಗೆ ತಲೆ ತಾಗುತ್ತೇನೋ ಅಂತ ಹೆದರ್ತಾ.

ಇದನ್ನ ಹೇಳೋ ಉದ್ದೇಶ ಇರ್ಲಿಲ್ಲ. ಮೊನ್ನೆ ನಮ್ಮ ಕಾಲೇಜಿನ ಜೂನಿಯರ್ ಒಬ್ಬಳು ಮೆಸೇಜ್ ಮಾಡಿದ್ಲು. 'ಅಕ್ಕಾ, ಆ ರೆಸಾರ್ಟಲ್ಲಿ ಒಂದು ರಾತ್ರಿಗೆ ಎಷ್ಟು? ಕೆಲಸ ಸಿಕ್ಕಿದ ತಕ್ಷಣ ಕ್ರೆಡಿಟ್ ಕಾರ್ಡ್ ಮಾಡಿಸಿಯಾದ್ರೂ ಒಂದ್ಸಲ ಅಲ್ಲಿಗೆ ಹೋಗ್ಬೇಕು.' ಎರಡು ದಿನ ನಾನು ಉತ್ತರ ಕೊಡಲಿಲ್ಲ. ಏನಂತ ಕೊಡ್ಲಿ? ಅಲ್ಲಿನ ರೇಟು ನಂಗೇ ಗೊತ್ತಿಲ್ಲ. ಈ ಸರಣಿ ಅವಳಿಗೆ ಉತ್ತರ. ಉದ್ದ ಇದೆ, ನಿಧಾನಕ್ಕೆ ಓದು ತಂಗಿ.

(2/6)

ಊರಿನ ಹೆಸರು ಪುಯೆರ್ತೊ ವಯಾರ್ತಾ. ಸ್ಪ್ಯಾನಿಷಲ್ಲಿ ಎರಡು 'ಎಲ್' ಜೊತೆಗೆ ಬಂದ್ರೆ 'ಯ' ಅಂತ ಓದ್ಬೇಕು. ನಾನು ಟಿಕೆಟ್ ಕೌಂಟರಿನಲ್ಲಿ 'ವಲ್ಲಾರ್ತಾ' ಅಂದು ಒಬ್ಬರನ್ನ ನಗಿಸಿದ್ದೆ. ಮೆಕ್ಸಿಕೋದ ಪೆಸಿಫಿಕ್ ಕರಾವಳಿ, ಹಲಿಸ್ಕೊ ರಾಜ್ಯ. ಪ್ರಾಜೆಕ್ಟ್ ಕೆಲಸಕ್ಕೆ ಅಂತ ನಾನಿರೋ ಗ್ವಾದಲಹಾರಾದಿಂದ ಬಸ್ಸಿನಲ್ಲಿ ಐದಾರು ಗಂಟೆ. ಆಫೀಸಿನವರು ನಾಲ್ಕು ಜನ ಸೇರಿ ಎಲ್ಲಾ ಖರ್ಚೂ ಒಳಗೊಂಡ ರೆಸಾರ್ಟ್ ಬುಕ್ ಮಾಡಿದ್ರು. ನಂಗೆ ಎಜುಕೇಶನ್ ಲೋನ್ ಕಂತು, ಊರಲ್ಲಿ ಮನೆ ಮಾಡು ರಿಪೇರಿ. 'ಅಲ್ಲಿ ನನ್ನ ಫ್ರೆಂಡ್ ಮನೆ ಇದೆ' ಅಂತ ಸುಳ್ಳು ಹೇಳಿ ಒಬ್ಬಳೇ ಹೊರಟೆ. ಒಂದು ಸುಳ್ಳಿಗೆ ಇನ್ನೊಂದು ಜೋಡಣೆ, ನೋಡಿ.

ಹೋಗಿದ್ದು ಡಿಸೆಂಬರ್ ಮೊದಲ ವಾರ. ಇದು ನನ್ನ ಜಾಣತನ ಅಲ್ಲ, ರಜೆ ಸಿಕ್ಕಿದ್ದೇ ಆವಾಗ. ಆದರೆ ಖರ್ಚಿಲ್ಲದೆ ನೋಡೋರಿಗೆ ಅದಕ್ಕಿಂತ ಒಳ್ಳೆ ವಾರ ಇಲ್ಲ. ಡಿಸೆಂಬರ್ 12 ಗ್ವಾದಲೂಪೆ ಮಾತೆಯ ಹಬ್ಬ. ಅದಕ್ಕೆ ಮುಂಚೆ, 1ನೇ ತಾರೀಖಿನಿಂದಲೇ, ಊರಿನವರು ಗುಂಪು ಗುಂಪಾಗಿ ಮೆರವಣಿಗೆಯಲ್ಲಿ ಇಗರ್ಜಿಗೆ ಬರ್ತಾರೆ. ಒಂದು ಗುಂಪು ಹೋಟೆಲಿನ ಕೆಲಸದವರದ್ದು, ಇನ್ನೊಂದು ಯಾವುದೋ ಓಣಿಯವರದ್ದು, ಮತ್ತೊಂದು ಅಂಗಡಿಯವರದ್ದು. ಕೈಯಲ್ಲಿ ಮೇಣದಬತ್ತಿ, ಮುಂದೆ ಗರಿಗಳ ಕಿರೀಟ ತೊಟ್ಟು ಕುಣಿಯೋರು, ಕಾಲಿಗೆ ಗೆಜ್ಜೆ ಥರ ಸದ್ದು ಮಾಡೋ ಕಾಯಿಗಳು. ರೂಮ್ ಕ್ಲೀನ್ ಮಾಡೋ ಹೆಂಗಸರು ಯೂನಿಫಾರ್ಮಲ್ಲೇ ನಡ್ಕೊಂಡು ಬರ್ತಿದ್ರು. ನಾನು ಫುಟ್‌ಪಾತಲ್ಲಿ ಕೂತು ಒಂದೂವರೆ ಗಂಟೆ ನೋಡಿದೆ. ಯಾರೂ ಟಿಕೆಟ್ ಕೇಳ್ಲಿಲ್ಲ, ಯಾವ ದೇಶ ಅಂತಾನೂ ಕೇಳ್ಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ ಅರ್ಧ ಸಿಹಿ ಬನ್ನು ಮುರಿದು ಕೊಟ್ಟರು.

ಆ ಇಗರ್ಜಿಯ ತುದಿಯಲ್ಲಿ ದೊಡ್ಡ ಕಿರೀಟ ಇದೆ. ಊರಿನ ಅರ್ಧ ಫೋಟೋಗಳಲ್ಲಿ ಅದೇ ಇರೋದು. 1995ರ ಭೂಕಂಪದಲ್ಲಿ ಹಳೇ ಕಿರೀಟ ಬಿದ್ದುಹೋಗಿ ಆಮೇಲೆ ಹೊಸತು ಕೂರಿಸಿದ್ದು.

(3/6)

ಈ ಭಾಗ ಬರೆಯೋಕೆ ಮುಜುಗರ.

ಸಮುದ್ರದ ಅಂಚಿಗೇ ಕಟ್ಟಿದ ನಡಿಗೆ ಹಾದಿಗೆ ಇಲ್ಲಿ ಮಲೆಕೋನ್ ಅಂತಾರೆ. ವಾಹನ ಬಿಡಲ್ಲ. ಉದ್ದಕ್ಕೂ ಕಂಚಿನ ಶಿಲ್ಪಗಳು, ಯಾವುದಕ್ಕೂ ಬೇಲಿ ಇಲ್ಲ, ಮುಟ್ಟಬಹುದು, ಮಕ್ಕಳು ಹತ್ತಿ ಕೂರ್ತಾರೆ. ಕಡಲಕುದುರೆ ಮೇಲೆ ಕೂತ ಹುಡುಗ ಈ ಊರಿನ ಗುರುತು, ರಫಾಯೆಲ್ ಸಮರ್ರೀಪಾ ಮಾಡಿದ್ದು. ಆ ಹುಡುಗನನ್ನ ಒಮ್ಮೆ ಕಡಲು ಎಳ್ಕೊಂಡು ಹೋಗಿತ್ತಂತೆ, ಊರಿನವರು ಮತ್ತೆ ತಂದು ನಿಲ್ಲಿಸಿದ್ದಾರೆ. ನನ್ನನ್ನ ನಿಲ್ಲಿಸಿದ್ದು ಸೆರ್ಹಿಯೊ ಬುಸ್ತಮಾಂತೆ ಅವರ ಏಣಿ. ಆಕಾಶಕ್ಕೆ ಆತ ಒಂದು ಏಣಿ, ಅದರ ಮೇಲೆ ದಿಂಬಿನಂಥ ತಲೆಯ ಇಬ್ಬರು ಮಕ್ಕಳು ಹತ್ತುತ್ತಿದ್ದಾರೆ. ಕೆಳಗೆ ತಾಯಿ ಕೈ ಎತ್ತಿ ಕೂಗ್ತಾ ನಿಂತಿದ್ದಾಳೆ. ಶಿಲ್ಪದ ಹೆಸರಿನ ಅರ್ಥ 'ಕಾರಣವನ್ನು ಹುಡುಕುತ್ತಾ'. ಆಯಿಗೆ ಅದರ ಫೋಟೋ ಕಳ್ಸಿದೆ. 'ಆ ಮಕ್ಕಳನ್ನ ಇಳಿಸೋರು ಯಾರೂ ಇಲ್ವಾ?' ಅಂತ ಕೇಳಿದ್ಲು.

ಸ್ವಲ್ಪ ಮುಂದೆ ಎತ್ತರದ ಕಂಬ. ಐದು ಜನ ಹತ್ತಿದ್ರು. ನಾಲ್ವರು ಸೊಂಟಕ್ಕೆ ಹಗ್ಗ ಕಟ್ಕೊಂಡು ಒಟ್ಟಿಗೇ ಹಿಂದಕ್ಕೆ ಬಿದ್ದು ತಲೆಕೆಳಗಾಗಿ ಸುತ್ತುತ್ತಾ ಇಳಿಯೋಕೆ ಶುರು. ಐದನೆಯವನು ತುದಿಯಲ್ಲೇ ಉಳಿದು ಕೊಳಲೂ ಪುಟ್ಟ ಡೋಲೂ ಒಬ್ಬನೇ ನುಡಿಸ್ತಿದ್ದ. ಇವರು ಪಾಪಾಂತ್ಲಾದ ವೊಲಾದೋರೆಸ್, ಅಂದ್ರೆ ಹಾರುವವರು. ಪಾಪಾಂತ್ಲಾ ಇರೋದು ವೆರಾಕ್ರೂಸ್ ರಾಜ್ಯದಲ್ಲಿ, ದೇಶದ ಆ ಕಡೆಯ ಕರಾವಳಿ. ಒಬ್ಬೊಬ್ಬರದ್ದು 13 ಸುತ್ತು, ನಾಲ್ವರದ್ದು ಸೇರಿ 52, ಅಲ್ಲಿಯ ಹಳೇ ಪಂಚಾಂಗದ 52 ವರ್ಷದ ಚಕ್ರದ ಲೆಕ್ಕ ಅದು. 2009ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ಇದೆಲ್ಲ ನಾನು ಓದ್ಕೊಂಡು ಹೋಗಿದ್ದೆ. 'ಮಲೆಕೋನ್‌ನಲ್ಲಿ ಪುಕ್ಕಟೆ' ಅಂತ ನೋಟ್ಸಲ್ಲೂ ಬರ್ಕೊಂಡಿದ್ದೆ.

ಪೂರ್ತಿ ನೋಡಿದೆ. ವಿಡಿಯೋ ಮಾಡಿದೆ. ಇಳಿದವರಲ್ಲಿ ಒಬ್ಬ ಟೋಪಿ ಹಿಡಿದು ನನ್ನ ಕಡೆ ಬರೋದು ಕಂಡಿತು. ಪರ್ಸಲ್ಲಿ ಚಿಲ್ಲರೆ ಇತ್ತು. ಆದರೆ ನಾಳೆ ಬಸ್ಸಿಗೆ ಬೇಕು, ನೀರಿಗೆ ಬೇಕು (ನಲ್ಲಿ ನೀರು ಕುಡಿಯೋ ಹಾಗಿಲ್ಲ) ಅಂತ ಲೆಕ್ಕ ಹಾಕ್ತಾ, ಫೋನಲ್ಲಿ ಏನೋ ನೋಡೋಳ ಹಾಗೆ ನಟಿಸಿ, ಏಣಿ ಶಿಲ್ಪದ ಕಡೆಗೆ ಜಾರ್ಕೊಂಡೆ. ಅವನು ನೋಡಿದ. ಏನೂ ಅನ್ಲಿಲ್ಲ. ಪಕ್ಕದವರ ಮುಂದೆ ಟೋಪಿ ಹಿಡಿದ.

ಆ ರಾತ್ರಿ ನಿದ್ದೆ ಬರ್ಲಿಲ್ಲ. ಫ್ಯಾನು ಕಾರಣ ಅಲ್ಲ.

(4/6)

ಮಾರನೇ ದಿನ ಹೋಟೆಲುಗಳ ಸಾಲಿನ ಕಡೆ ಹೋದೆ. ಊರಿನ ಉತ್ತರಕ್ಕೆ ದೊಡ್ಡ ದೊಡ್ಡ ರೆಸಾರ್ಟುಗಳು ಒಂದಕ್ಕೊಂದು ಅಂಟಿಕೊಂಡಿವೆ. ರಸ್ತೆಯಿಂದ ನೋಡಿದ್ರೆ ಇಲ್ಲಿ ಸಮುದ್ರವೇ ಇಲ್ಲ ಅನ್ಸತ್ತೆ. ನಡೆದೂ ನಡೆದೂ ಎರಡು ಕಟ್ಟಡಗಳ ನಡುವೆ ಒಂದು ಸಣ್ಣ ದಾರಿ ಸಿಕ್ತು. ಮರಳಿಗೆ ಇಳಿದು, ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ನಡೀತಾ ಇದ್ದೆ. ಆವಾಗ್ಲೇ ಆ ಈಜುಕೊಳ ಕಂಡಿದ್ದು, ಬೇಲಿಗೆ ಫೋನ್ ತೂರಿಸಿದ್ದು.

ಫೋಟೋ ತೆಗೆದು ಮರಳಲ್ಲಿ ಕೂತೆ. ಕಾವಲುಗಾರ ಬಂದ. ತನ್ನ ಮಣಿಕಟ್ಟು ಮುಟ್ಟಿ ತೋರಿಸಿ 'ಪುಲ್ಸೇರಾ?' ಅಂದ. ರೆಸಾರ್ಟಿನವರಿಗೆ ಕೈಗೆ ಕಟ್ಟೋ ಬಣ್ಣದ ಪಟ್ಟಿ ಅದು. ನನ್ನ ಕೈಯಲ್ಲಿದ್ದದ್ದು ದೇವಸ್ಥಾನದ ಕೆಂಪು ದಾರ. ಅದನ್ನೇ ತೋರಿಸಿದೆ, ಪೆದ್ದಿ ಥರ. ಅವನು ಆಚೆ ಕಡೆ ಕೈ ತೋರಿಸಿದ. ನಾನು ಎದ್ದುಬಿಟ್ಟೆ. ವಾದ ಮಾಡೋ ಸ್ಪ್ಯಾನಿಷ್ ನಂಗೆ ಬರಲ್ಲ, ಕನ್ನಡದಲ್ಲೂ ಆ ಹೊತ್ತಿಗೆ ಬರ್ತಿರ್ಲಿಲ್ಲ ಅನ್ಸತ್ತೆ.

ಕಡ್ಡಿಗೆ ಚುಚ್ಚಿದ ಮಾವಿನಹಣ್ಣು ಮಾರೋ ಹೆಂಗಸು ಅಲ್ಲೇ ಇದ್ರು. ಕಾವಲುಗಾರನಿಗೆ ಏನೋ ಜೋರಾಗಿ ಹೇಳಿ, ನನ್ನ ಕಡೆ ತಿರುಗಿ ನಿಧಾನಕ್ಕೆ, ಚಿಕ್ಕ ಮಕ್ಕಳಿಗೆ ಹೇಳೋ ಹಾಗೆ ಅಂದ್ರು: ಬೀಚ್ ಎಲ್ಲರದ್ದು, ಕೂತ್ಕೋ.

ಅವರು ಹೇಳಿದ್ದು ನಿಜ. ಮೆಕ್ಸಿಕೋದಲ್ಲಿ ಬೀಚು ಯಾರ ಸ್ವಂತದ್ದೂ ಅಲ್ಲ, ರಾಷ್ಟ್ರದ ಆಸ್ತಿ. ಅದಕ್ಕೆ ತಾಗಿಕೊಂಡ 20 ಮೀಟರ್ ಅಗಲದ ನೆಲಪಟ್ಟಿಯೂ ಕೇಂದ್ರ ಸರ್ಕಾರದ್ದೇ, ಹೋಟೆಲುಗಳು ಅನುಮತಿ ಪಡೆದು ಅದನ್ನ ಬಳಸ್ತವೆ ಅಷ್ಟೇ. ಕುರ್ಚಿ, ಕೊಡೆ ಅವರದ್ದು, ಮರಳು ಅವರದ್ದಲ್ಲ. ಜನ ಬೀಚಿಗೆ ಹೋಗೋದನ್ನ ತಡೆದರೆ ದಂಡ ಹಾಕೋ ಹಾಗೆ 2020ರಲ್ಲಿ ಕಾನೂನು ತಿದ್ದಿದ್ದಾರೆ. ಇದನ್ನೆಲ್ಲ ನಾನು ಆಮೇಲೆ ಹುಡುಕಿ ಓದಿದ್ದು. ಆ ಕ್ಷಣದಲ್ಲಿ ಕಾನೂನಾಗಿ ನಿಂತಿದ್ದು ಮಾವಿನಹಣ್ಣಿನವರು. ಮತ್ತೆ ಕೂತೆ. ಕಾವಲುಗಾರ ಭುಜ ಕುಣಿಸಿ ಹೋದ. ಅವನ ಮೇಲೆ ಸಿಟ್ಟಿಲ್ಲ. ಹಿಂದಿನ ರಾತ್ರಿ ಮೇಣದಬತ್ತಿ ಹಿಡಿದು ನಡೆದವರಲ್ಲಿ ಅವನೂ ಇದ್ದನೋ ಏನೋ.

ನಾನು ಹುಟ್ಟಿ ಬೆಳೆದದ್ದು ಹೊನ್ನಾವರದ ಕಾಸರಕೋಡಿನಲ್ಲಿ. ಮನೆ ಹಿಂದೆ ನಾಲ್ಕು ಹೆಜ್ಜೆಗೆ ಕಡಲು. ಕಡಲ ದಂಡೆ ಮೇಲೆ ಕೂರೋಕೆ ನಿಂಗೆ ಹಕ್ಕಿದ್ಯಾ ಅಂತ ಯಾರಾದ್ರೂ ಕೇಳ್ತಾರೆ ಅಂತ 24 ವರ್ಷ ನಂಗೆ ಹೊಳೆದೇ ಇರ್ಲಿಲ್ಲ. ಅಂಥಾ ನಾನು, ಆ ಸಂಜೆ ಹಾಸ್ಟೆಲಿಗೆ ಬಂದು, ಬೇಲಿ ಆಚೆಯ ಫೋಟೋನೇ ಆರಿಸಿ ಹಾಕಿದೆ. ಮರಳಿನ ಫೋಟೋ ಹಾಕ್ಲಿಲ್ಲ.

(5/6)

ಅದೇ ದಿನ ಸೂರ್ಯ ಮುಳುಗೋ ಹೊತ್ತಿಗೆ ಆಮೆ ಮರಿ ಬಿಡೋದು ನೋಡಿದೆ. ಈ ಕರಾವಳಿಯಲ್ಲಿ ಮಳೆಗಾಲದಿಂದ ಆಮೆಗಳು ಮೊಟ್ಟೆ ಇಡ್ತವೆ, ಡಿಸೆಂಬರ್ ತನಕ ಮರಿಗಳನ್ನ ಕಡಲಿಗೆ ಬಿಡ್ತಾರೆ. ಬರೋರಿಗೆ ಪುಕ್ಕಟೆ, ಒಂದು ಡಬ್ಬಿ ಇಟ್ಟಿರ್ತಾರೆ, ಇಷ್ಟ ಇದ್ದೋರು ಹಾಕಬಹುದು. ನಿಯಮ ಕಟ್ಟುನಿಟ್ಟು: ಫ್ಲ್ಯಾಶ್ ಹಾಕೋ ಹಾಗಿಲ್ಲ, ಕೈಯಲ್ಲಿ ಮುಟ್ಟೋ ಹಾಗಿಲ್ಲ. ತೆಂಗಿನ ಕರಟದಲ್ಲಿ ಒಂದೊಂದು ಮರಿ ಹಾಕಿ ಕೊಡ್ತಾರೆ. ಕರಟ ಮರಳಿನ ಮೇಲೆ ಓರೆ ಮಾಡ್ಬೇಕು, ಅದೇ ನಡ್ಕೊಂಡು ಹೋಗತ್ತೆ.

ನನ್ನ ಕರಟದಲ್ಲಿ ಇದ್ದದ್ದು ಆಲಿವ್ ರಿಡ್ಲಿ. ನಮ್ಮ ಕಾಸರಕೋಡಿನ ದಂಡೆಗೆ ಬರೋದೂ ಅದೇ ಜಾತಿ. ನಮ್ಮಲ್ಲಿ ಅರಣ್ಯ ಇಲಾಖೆಯವರು ಗೂಡಿನ ಸುತ್ತ ಬಲೆ ಕಟ್ಟಿ ಕಾಯ್ತಾರೆ. ಅದಕ್ಕೂ ಮುಂಚೆ, ಅಪ್ಪ ಚಿಕ್ಕವನಿದ್ದಾಗ, ಮೊಟ್ಟೆ ತೆಗೆದು ತಿಂತಿದ್ರಂತೆ. ಮೆಕ್ಸಿಕೋದಲ್ಲೂ ಇಂಥದ್ದೇ ಕಥೆ, 1990ರಲ್ಲಿ ಕಡಲಾಮೆ ಹಿಡಿಯೋದನ್ನ ಪೂರ್ತಿ ನಿಷೇಧಿಸಿದ್ರು. ಸಾವಿರ ಮರಿಗೆ ಒಂದು ದೊಡ್ಡದಾಗಿ ಉಳಿಯತ್ತೆ ಅಂತಾರೆ. ನನ್ನ ಮರಿ ಮೂರು ಸಲ ಅಲೆ ಹೊಡೆತಕ್ಕೆ ವಾಪಸ್ ಬಂದು ಬಿತ್ತು. ನಾಲ್ಕನೇ ಸಲ ಕಾಣ್ಲಿಲ್ಲ.

ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಬೆಳಿಗ್ಗೆ, ಅಪ್ಪ ಚಾ ಕುಡೀತಾ ಇದ್ದ. 'ಇದನ್ನ ನೋಡೋಕೆ ಅಷ್ಟು ದೂರ ಹೋದ್ಯಾ?' ಅಂದ. ಆಮೇಲೆ 'ಎಷ್ಟು ತಗೊಂಡ್ರು?' 'ಏನಿಲ್ಲ ಅಪ್ಪ.' 'ಡಬ್ಬಿ ಇಲ್ವಾ?' ಅಪ್ಪನಿಗೆ ಡಬ್ಬಿ ಹೇಗೆ ಕಾಣಿಸ್ತು ಅಂತ ಇವತ್ತಿಗೂ ಗೊತ್ತಿಲ್ಲ. 50 ಪೆಸೊ ಹಾಕಿದೆ.

(6/6)

ಕೊನೇ ದಿನ ಬೆಳಿಗ್ಗೆ ಶಿಲುಬೆ ಗುಡ್ಡ ಹತ್ತಿದೆ. ಹಳೇ ಪೇಟೆಯ ಮನೆಗಳ ನಡುವೆ ಕಡಿದಾದ ಮೆಟ್ಟಿಲು, ಬಿಸಿಲೇರೋ ಮುಂಚೆ ಹೋಗಿ. ಮೇಲಿಂದ ಬಂದೇರಾಸ್ ಕೊಲ್ಲಿ ಪೂರ್ತಿ ಕಾಣತ್ತೆ. ಡಿಸೆಂಬರಿಂದ ಮಾರ್ಚ್ ತನಕ ಹಂಪ್‌ಬ್ಯಾಕ್ ತಿಮಿಂಗಿಲಗಳು ಮರಿ ಹಾಕೋಕೆ ಈ ಕೊಲ್ಲಿಗೆ ಬರ್ತವೆ. ದೂರದಲ್ಲಿ ಬಿಳಿ ಉಸಿರು ಎರಡು ಸಲ ಚಿಮ್ಮಿದ್ದು ಕಂಡೆ. ಅಥವಾ ದೋಣಿಯ ನೊರೆ. ತಿಮಿಂಗಿಲ ಅಂತಲೇ ಇಟ್ಕೊಳ್ತೀನಿ.

ಇಳಿದು ಕುವಾಲೆ ನದಿಯ ನಡುಗಡ್ಡೆಗೆ ಹೋಗಿ ಬೆಕ್ಕುಗಳ ಮಧ್ಯೆ ಕೂತು ತೊರ್ತೀಯಾ ತಿಂದೆ. ಬುಧವಾರ ಸಂಜೆ ಇದ್ದಿದ್ರೆ ಹಳೇ ಪೇಟೆಯ ಗ್ಯಾಲರಿಗಳೆಲ್ಲ ಬಾಗಿಲು ತೆರೆದಿರ್ತಿದ್ವು, ಚಳಿಗಾಲದ ಸೀಸನ್ನಲ್ಲಿ ಮಾತ್ರ. ನನ್ನ ಬಸ್ಸು ಭಾನುವಾರವೇ ಇತ್ತು. ಬೋಕಾ ದೆ ತೊಮಾತ್ಲಾನ್‌ನಿಂದ ಕಡಲಂಚಿನ ಕಾಡುದಾರಿ ನಡೆಯೋದೂ ಉಳಿಯಿತು. ನೀನು ಹೋದ್ರೆ ಅದನ್ನ ಬಿಡಬೇಡ, ಹೆಚ್ಚು ನೀರು ತಗೊಂಡು ಹೋಗು.

ಬಸ್ಸಿಗೆ ಎರಡು ಗಂಟೆ ಇರೋವಾಗ ಮತ್ತೆ ಕಂಬದ ಹತ್ತಿರ ಹೋದೆ. ಈ ಸಲ ಫೋನ್ ಹೊರಗೆ ತೆಗೀಲಿಲ್ಲ. ನಾಲ್ವರು ಬಿದ್ರು, ಸುತ್ತಿದ್ರು. ಲೆಕ್ಕ ಇಡೋಕೆ ನೋಡಿದೆ, ಎಂಟೊಂಬತ್ತಕ್ಕೆ ತಪ್ಪಿತು. ಟೋಪಿ ಬಂತು. ಅದೇ ಹುಡುಗನೇ, ಬೇರೆಯವನೋ, ಗೊತ್ತಾಗ್ಲಿಲ್ಲ. 50 ಹಾಕಿದೆ. 'ಗ್ರಾಸಿಯಾಸ್' ಅಂದ, ಮುಂದಕ್ಕೆ ಹೋದ. ಅವನಿಗೆ ನನ್ನ ನೆನಪು ಇರೋಕೆ ಕಾರಣವೇ ಇಲ್ಲ.

ತಂಗಿ, ಲೆಕ್ಕ ಬರ್ಕೋ: ಊಟ, ಬಸ್ಸು, ಹಾಸ್ಟೆಲ್ ಬಿಟ್ಟು ಮೂರು ದಿನದಲ್ಲಿ ನಾನು ಕೊಟ್ಟಿದ್ದು 100 ಪೆಸೊ. ಅದೂ ಅರ್ಧ ತಡವಾಗಿ. ರೆಸಾರ್ಟ್ ರೇಟು ಬೇಕೇ ಬೇಕಂದ್ರೆ ಆಫೀಸಿನವರನ್ನ ಕೇಳಿ ಹೇಳ್ತೀನಿ.

ಈಜುಕೊಳದ ಫೋಟೋ ಡಿಲೀಟ್ ಮಾಡಿಲ್ಲ. ಕ್ಯಾಪ್ಶನ್ ತಿದ್ದಿದ್ದೀನಿ, 'ಬೇಲಿ ಸಂದಿಯಿಂದ' ಅಂತ. ಮರಳಲ್ಲಿ ಕೂತ ಫೋಟೋ ಈ ಸರಣಿಯ ಕೊನೇ ಸ್ಲೈಡಲ್ಲಿದೆ. ಮೂಲೆಯಲ್ಲಿ ಮಾವಿನಹಣ್ಣಿನ ಬುಟ್ಟಿ ಅರ್ಧ ಬಂದಿದೆ, ಅವರ ಮುಖ ಬಂದಿಲ್ಲ.

#ಪುಯೆರ್ತೊವಯಾರ್ತಾ #ಕಾಸರಕೋಡಿನಹುಡುಗಿ #ಬೇಲಿಸಂದಿಯಿಂದ