ಕಲ್ಯಾಣದಿಂದ ಕಡಲಿಗೆ: ಗಾಳ ಹಾಕುವ ಮುನ್ನ

ಹುಮನಾಬಾದಿನಿಂದ ಸಮುದ್ರ ಎಷ್ಟು ದೂರ ಅಂತ ಯಾರಾದರೂ ಕೇಳಿದರೆ, ‘ಯಾವ ಸಮುದ್ರ?’ ಅಂತ ನಾವು ತಿರುಗಿ ಕೇಳಬಹುದು. ನಕಾಶೆಯ ಮೇಲೆ ನೇರ ಗೆರೆ ಎಳೆದರೆ ಪಶ್ಚಿಮಕ್ಕೆ ಅರಬ್ಬಿ ಸಮುದ್ರವೂ 400 ಕಿ.ಮೀ. ಆಚೆ, ಪೂರ್ವಕ್ಕೆ ಬಂಗಾಳ ಕೊಲ್ಲಿಯೂ 400 ಕಿ.ಮೀ. ಆಚೆ. ಪುಣೆಯಿಂದ ಹೊರಟು ಸೊಲ್ಲಾಪುರ ದಾಟಿ, ಬಸವಕಲ್ಯಾಣದ ಪಕ್ಕದಲ್ಲೇ ಹಾದು, ನಮ್ಮೂರಿನ ಮೂಲಕ ಹೈದರಾಬಾದಿಗೆ ಹೋಗುವ ಹೆದ್ದಾರಿ 65 ಕೊನೆಗೆ ಮುಟ್ಟುವುದು ಮಚಲೀಪಟ್ಟಣದ ಕಡಲ ದಂಡೆಯನ್ನು. ಹೆಸರಿನಲ್ಲೇ ಮೀನು ಇರುವ ಊರು ಅದು. ಆದರೂ ನಮ್ಮ ಕಡೆಯವರಿಗೆ ಈ ರಸ್ತೆ ಅಂದರೆ ಒಂದು ದಿಕ್ಕಿಗೆ ಪುಣೆಯ ನೌಕರಿ, ಇನ್ನೊಂದು ದಿಕ್ಕಿಗೆ ಹೈದರಾಬಾದಿನ ದವಾಖಾನೆ. ಕಡಲು ಯಾರ ಲೆಕ್ಕದಲ್ಲೂ ಇಲ್ಲ.

ಹಾಗಂತ ನೀರಿನ ನಂಟು ನಮಗೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಬಸವಕಲ್ಯಾಣದಲ್ಲಿ ತ್ರಿಪುರಾಂತ ಕೆರೆ ಇದೆ. ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯ, ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯ, ಇಬ್ಬರೂ 12ನೇ ಶತಮಾನದ ಶರಣರು. ಇಬ್ಬರ ಹೆಸರಿನ ಗವಿಗಳನ್ನೂ ಕಲ್ಯಾಣದಲ್ಲಿ ಇವತ್ತಿಗೂ ತೋರಿಸುತ್ತಾರೆ. ಇನ್ನು ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಹತ್ತಿರ ಕಾರಂಜಾ ಜಲಾಶಯ ಇದೆ. ಅದರ ಹಿನ್ನೀರಿನಲ್ಲಿ ಕಟ್ಲಾ, ರೋಹು ಹಿಡಿದೇ ಸಂಸಾರ ನಡೆಸುವ ಮನೆಗಳಿವೆ.

ನನ್ನ ಗೆಳೆಯನ ತಂದೆ ಅಂಥವರಲ್ಲಿ ಒಬ್ಬರು. ನಾವೆಲ್ಲ ಅವರಿಗೆ ಕಾಕಾ ಅಂತೀವಿ. ವಯಸ್ಸು 63. ಮೂವತ್ತು ವರ್ಷ ತೆಪ್ಪದ ಮೇಲೆ ಕಳೆದವರು, ಸಮುದ್ರ ಮಾತ್ರ ನೋಡಿದವರಲ್ಲ. ಈಗ ಮೊಣಕಾಲು ನೋವು, ಜೊತೆಗೆ ಶುಗರ್. ‘ಒಂದ್ ಸಲ ದಂಡಿ ಕಾಣ್ಲಾರದ ನೀರಾಗ ಗಾಳ ಹಾಕ್ಬೇಕು ನೋಡ್ರಿ’ ಅಂತ ಅವರು ಅಂದದ್ದೇ ನಮ್ಮ ಪ್ರಯಾಣಕ್ಕೆ ಕಾರಣ. ಹೈದರಾಬಾದ್, ಪುಣೆಯಲ್ಲಿ ಕೆಲಸ ಮಾಡುವ ನಾವು ಐವರು, ಜೊತೆಗೆ ಕಾಕಾ. ಮಲ್ಪೆಯಲ್ಲಿ ಬೋಟ್ ಬಾಡಿಗೆಗೆ ಹಿಡಿದು ಒಂದು ದಿನ ಆಳ ಸಮುದ್ರಕ್ಕೆ ಹೋಗಿ ಬರುವುದು ಅಂತ ತೀರ್ಮಾನ ಆಯಿತು. ದೋಣಿಯಲ್ಲಿ ಕಳೆದದ್ದು ಹತ್ತು ತಾಸು, ತಯಾರಿಗೆ ಹಿಡಿದದ್ದು ಒಂದೂವರೆ ತಿಂಗಳು. ಹೊರಡಬೇಕು ಅಂದುಕೊಂಡವರಿಗೆ ಆ ತಯಾರಿಯೇ ಹೆಚ್ಚು ಉಪಯೋಗ ಆದೀತು.

ಯಾವಾಗ ಹೋಗಬೇಕು?

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಅದು ಮುಗಿದ ಮೇಲೂ ಮಳೆಗಾಲದ ಅಬ್ಬರ ಇಳಿಯಲು ಸಮಯ ಬೇಕು. ಅಕ್ಟೋಬರಿನಿಂದ ಡಿಸೆಂಬರ್ ಮೊದಲ ವಾರಗಳವರೆಗೆ ಚಂಡಮಾರುತದ ಭಯ. 2017ರ ನವೆಂಬರ್ ಕೊನೆಗೆ ಎದ್ದ ಓಖಿ ಚಂಡಮಾರುತ ಕೇರಳ, ತಮಿಳುನಾಡಿನ ಎಷ್ಟೋ ಮೀನುಗಾರರನ್ನು ಬಲಿ ತೆಗೆದುಕೊಂಡದ್ದು ನೆನಪಿರಬಹುದು. ಹಾಗಾಗಿ ಮೊದಲ ಸಲ ಹೋಗುವವರಿಗೆ ಜನವರಿ, ಫೆಬ್ರುವರಿ ಒಳ್ಳೆಯದು.

ನಮ್ಮ ಕಡೆಗೆ ಇನ್ನೂ ಒಂದು ಲೆಕ್ಕ ಇದೆ. ತೊಗರಿ ರಾಶಿ ಮುಗಿಯದೆ ಹೊಲ ಇದ್ದವರು ಊರು ಬಿಡುವುದಿಲ್ಲ. ಎಳ್ಳಮವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ-ರೊಟ್ಟಿ ಉಂಡು, ಅಂಬಲಿ ಕುಡಿಯದೆ ಯಾವ ಪ್ರವಾಸವೂ ಇಲ್ಲ. ಆಮೇಲೆ ಜನವರಿ ಕೊನೆಗೆ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ. ಇವೆರಡರ ನಡುವಿನ ಒಂದು ವಾರವನ್ನು ನಾವು ಹಿಡಿದೆವು. ರಜೆ ಕೇಳುವಾಗ ಒಂದು ದಿನ ಹೆಚ್ಚಿಗೆ ಕೇಳಿ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಬೋಟಿನವರಿಗೆ ಏನು ಕೇಳಬೇಕು?

ಫೋನಿನಲ್ಲಿ ಎಲ್ಲರೂ ಮೊದಲು ಕೇಳುವುದು ರೇಟು ಮತ್ತು ‘ಮೀನು ಸಿಗುತ್ತಾ?’ ಅಂತ. ನಾವು ಒಂದು ಪಟ್ಟಿ ಮಾಡಿಕೊಂಡಿದ್ದೆವು. ಪ್ರವಾಸಿಗರನ್ನು ಒಯ್ಯಲು ಬೋಟಿಗೆ ಅನುಮತಿ ಇದೆಯಾ? ತಲೆಗೊಂದು ಲೈಫ್ ಜಾಕೆಟ್ ಇದೆಯಾ? ವಿಎಚ್‌ಎಫ್ ರೇಡಿಯೊ ಕೆಲಸ ಮಾಡುತ್ತಾ? ಬಾಡಿಗೆಯಲ್ಲಿ ಡೀಸೆಲ್, ಐಸು, ಗಾಳ, ಎರೆ ಎಲ್ಲ ಸೇರಿದೆಯಾ? ಹವಾಮಾನ ಕೆಟ್ಟು ಹೋಗದಿದ್ದರೆ ಮುಂಗಡ ವಾಪಸ್ಸಾ, ಬೇರೆ ದಿನ ಕೊಡುತ್ತೀರಾ?

ನಾವು ಮಾತಾಡಿದ ಒಬ್ಬರು ‘ಜಾಕೆಟ್ ಯಾರೂ ಹಾಕೋದಿಲ್ಲ, ಬೇಕಿದ್ರೆ ಎರಡು ಇಡಿಸ್ತೇನೆ’ ಅಂದರು. ಅಲ್ಲಿಗೆ ಆ ಮಾತು ಮುಗಿಸಿದೆವು. ಇನ್ನೊಬ್ಬರು ತಾವೇ ನಮ್ಮನ್ನು ಪ್ರಶ್ನೆ ಕೇಳತೊಡಗಿದರು. ‘ಎಷ್ಟು ಜನ ಉಂಟು? ಹಿರಿಯರಿಗೆ ಆರೋಗ್ಯ ಹೇಗೆ? ಈಜು ಬರ್ತದಾ?’ ಅಂತ. ನಮ್ಮ ಬಗ್ಗೆ ಇಷ್ಟು ಕೇಳುವವರು ತಮ್ಮ ಬೋಟಿನ ಬಗ್ಗೆಯೂ ಎಚ್ಚರ ಇರುವವರೇ ಅನ್ನಿಸಿತು. ಅವರನ್ನೇ ಗೊತ್ತು ಮಾಡಿದೆವು.

ಮೈಯ ತಯಾರಿ

ಕಡಲ ವಾಂತಿಗೆ ಧೈರ್ಯ ಮದ್ದಲ್ಲ. ಕಿವಿಯ ಒಳಭಾಗ ‘ಅಲುಗಾಡುತ್ತಿದ್ದೇವೆ’ ಅನ್ನುತ್ತದೆ, ಕಣ್ಣು ದೋಣಿಯೊಳಗಿನ ನಿಂತ ವಸ್ತು ನೋಡಿ ‘ಇಲ್ಲ’ ಅನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಫೋನ್ ನೋಡುತ್ತ ಕೂತರಂತೂ ಕೇಳುವುದೇ ಬೇಡ. ದೋಣಿಯ ನಡುಭಾಗದಲ್ಲಿ ಕೂತು, ದೂರದಲ್ಲಿ ಬಾನು-ನೀರು ಕೂಡುವ ಗೆರೆ ನೋಡುತ್ತಿದ್ದರೆ ಎಷ್ಟೋ ವಾಸಿ. ಮಾತ್ರೆ ತೆಗೆದುಕೊಳ್ಳುವುದಾದರೆ ಡಾಕ್ಟರನ್ನು ಕೇಳಿ, ದೋಣಿ ಹತ್ತುವ ಮೊದಲೇ ತೆಗೆದುಕೊಳ್ಳಬೇಕು. ತೊಳಸಲು ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ಹಿಂದಿನ ರಾತ್ರಿ ಪಾರ್ಟಿ ಬೇಡ, ಖಾಲಿ ಹೊಟ್ಟೆಯೂ ಬೇಡ.

ಕಾಕಾ ವಿಷಯದಲ್ಲಿ ನಾವು ನಿಜಕ್ಕೂ ಹೆದರಿದ್ದೆವು. ದಡದಿಂದ ಎರಡು ಮೂರು ತಾಸು ದೂರ ಇರುವಾಗ ಶುಗರ್ ಇಳಿದರೆ ಆಂಬುಲೆನ್ಸ್ ಬರುವುದಿಲ್ಲ. ಡಾಕ್ಟರು ಪರೀಕ್ಷೆ ಮಾಡಿ, ಗುಳಿಗೆಯ ಹೊತ್ತು ಬರೆದುಕೊಟ್ಟು, ಗ್ಲೂಕೋಸ್ ಜೊತೆಗಿಟ್ಟುಕೊಳ್ಳಲು ಹೇಳಿದ ಮೇಲೇ ಕಾಕಿ ಹೂಂ ಅಂದರು. ಅದೂ ಒಂದು ಷರತ್ತಿನ ಮೇಲೆ: ‘ಜಾಕೀಟು ಹಾಕ್ಕೋತೀನಿ ಅಂತ ನನ್ನ ಮುಂದ ಮಾತು ಕೊಟ್ಟು ಹೋಗ್ರಿ.’

ಚೀಲದಲ್ಲಿ ಏನೇನು?

ಬೀದರ್ ಜಿಲ್ಲೆಯ ಜನವರಿ ಚಳಿ ನೋಡಿದವರಿಗೆ ಕರಾವಳಿಯ ಚಳಿ ಲೆಕ್ಕಕ್ಕಿಲ್ಲ. ಆದರೆ ನಸುಕಿನಲ್ಲಿ ಓಡುವ ದೋಣಿಯ ಮೇಲೆ ಒದ್ದೆ ಗಾಳಿ ಹೊಡೆಯುತ್ತದೆ, ಹತ್ತು ಗಂಟೆಗೆ ಬಿಸಿಲು ಸುಡುತ್ತದೆ. ತೆಳುವಾದ ವಿಂಡ್‌ಚೀಟರ್, ತುಂಬುತೋಳಿನ ಹತ್ತಿ ಅಂಗಿ, ಗದ್ದಕ್ಕೆ ಕಟ್ಟುವ ದಾರ ಇರುವ ಟೋಪಿ, ಕಪ್ಪು ಕನ್ನಡಕ, ಜಾರದ ಚಪ್ಪಲಿ, ಕೈಗವಸು, ತಲೆಗೆ ಮೂರು ಲೀಟರ್ ಕುಡಿಯುವ ನೀರು. ಫೋನಿಗೆ ನೀರು ಹೋಗದ ಚೀಲ.

ಊಟದ ವಿಷಯದಲ್ಲಿ ನಮ್ಮ ಕಡೆಯವರಿಗೆ ಚಿಂತೆಯೇ ಇಲ್ಲ. ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿ ಕೆಡುವುದಿಲ್ಲ, ಚೆಲ್ಲುವುದಿಲ್ಲ, ಹೊಟ್ಟೆಗೂ ಹಗುರ. ಬೋಟಿನವರಿಗೂ ಹಿಡಿಸಿ ನಮಗಿಂತ ಅವರೇ ಹೆಚ್ಚು ತಿಂದರು.

ಕಾಕಾ ತಮ್ಮ ಗಾಳದ ಗಂಟನ್ನೂ ತಂದಿದ್ದರು. ಅದರಿಂದ ಕಡಲಿಗೆ ಒದಗಿದ್ದು ಅವರ ಗಂಟು ಹಾಕುವ ಕೈ ಮಾತ್ರ. ಕಾರಂಜಾದಲ್ಲಿ ಹಿಟ್ಟಿನ ಉಂಡೆ, ಎರೆಹುಳು ಸಾಕು. ಇಲ್ಲಿ ಬಂಗುಡೆ ತುಂಡು, ಬೊಂಡಾಸ್ ಬೇಕು. ನಮ್ಮ ಪೇಟೆಗಳಲ್ಲಿ ಸುರ್ಮಾಯಿ ಅಂತ ಮಾರುವ ಅಂಜಲ್ ಮೀನಿನ ಹಲ್ಲು ಎಷ್ಟು ಹರಿತ ಅಂದರೆ ಬರೀ ನೈಲಾನ್ ದಾರವನ್ನು ಕತ್ತರಿಸಿಬಿಡುತ್ತದೆ. ಅದಕ್ಕೆ ಗಾಳದ ತುದಿಗೆ ಉಕ್ಕಿನ ತಂತಿ ಕಟ್ಟುತ್ತಾರೆ.

ಮನೆಯವರಿಗೆ ಹೇಳಿ ಹೋಗಿ

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರ ಸಮೇತ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ನೌಕಾಪಡೆ ಮಹಾರಾಷ್ಟ್ರದ ಮಾಲ್ವಣ್ ಬಳಿ ಅದರ ಅವಶೇಷ ಪತ್ತೆ ಮಾಡುವವರೆಗೆ ಆ ಏಳು ಮನೆಗಳು ದಾರಿ ನೋಡುತ್ತಲೇ ಇದ್ದವು. ಕಡಲನ್ನೇ ಕಸುಬು ಮಾಡಿಕೊಂಡವರಿಗೇ ಹೀಗಾಗುವಾಗ, ಒಂದು ದಿನದ ಮೋಜಿಗೆ ಹೋಗುವವರು ಕನಿಷ್ಠ ಒಂದು ಚೀಟಿ ಬರೆದಿಟ್ಟು ಹೋಗಬೇಕು.

ನಮ್ಮ ಚೀಟಿಯಲ್ಲಿ ಇದ್ದದ್ದು ಇಷ್ಟು: ಬೋಟಿನ ಹೆಸರು, ನೋಂದಣಿ ಸಂಖ್ಯೆ, ಮಾಲೀಕರ ಫೋನು, ಹೊರಡುವ ಹೊತ್ತು, ಮರಳುವ ಹೊತ್ತು, ಹೋಗುವ ದಿಕ್ಕು. ಜೊತೆಗೆ ಎರಡು ಸಂಖ್ಯೆ: ಕರಾವಳಿ ಕಾವಲು ಪಡೆಯ 1554, ಕರಾವಳಿ ಕಾವಲು ಪೊಲೀಸರ 1093. ದಡದಿಂದ ದೂರ ಹೋದಂತೆ ಮೊಬೈಲ್ ಸಿಗ್ನಲ್ ಹೋಗುತ್ತದೆ, ಆಗ ಆಸರೆ ರೇಡಿಯೊದ 16ನೇ ಚಾನೆಲ್. ಫೋನ್ ಹತ್ತದಿದ್ದರೆ ಗಾಬರಿ ಬೇಡ, ಸಂಜೆ ಇಷ್ಟು ಗಂಟೆಯ ನಂತರವೂ ಸುದ್ದಿ ಇಲ್ಲದಿದ್ದರೆ ಮಾತ್ರ ಈ ನಂಬರಿಗೆ ಹಚ್ಚಿ ಅಂತ ಕಾಕಿಗೆ ಬಿಡಿಸಿ ಹೇಳಿದ್ದೆವು.

ಕಡಲಿನ ಸ್ಥಿತಿ ತಿಳಿಯಲು ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆ ನೋಡಿ. ಅಲೆಯ ಎತ್ತರ, ಗಾಳಿಯ ವೇಗದ ಮುನ್ಸೂಚನೆಯನ್ನು ಇನ್‌ಕಾಯಿಸ್ ಸಂಸ್ಥೆ ದಿನವೂ ಕೊಡುತ್ತದೆ. ಸುನಾಮಿ ಎಚ್ಚರಿಕೆಯನ್ನೂ ಕೊಡುವ ಈ ಸಂಸ್ಥೆ ಇರುವುದು ಯಾವ ಬಂದರಿನಲ್ಲೂ ಅಲ್ಲ, ನಮ್ಮ ಹೆದ್ದಾರಿಯ ಮೇಲೇ ಇರುವ ಹೈದರಾಬಾದಿನಲ್ಲಿ!

ತಾಂಡೇಲ ಬೇಡ ಅಂದರೆ ಬೇಡ

ಹುಮನಾಬಾದಿನಿಂದ ಹೆದ್ದಾರಿ 50 ಹಿಡಿದು ಕಲಬುರಗಿ, ವಿಜಯಪುರ, ಹೊಸಪೇಟೆ ದಾಟಿ ಚಿತ್ರದುರ್ಗ. ಅಲ್ಲಿಂದ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಘಾಟಿ ಇಳಿದರೆ ಉಡುಪಿ, ಮಲ್ಪೆ. ಒಂದೇ ಹೊಡೆತಕ್ಕೆ ಓಡಿಸಬೇಡಿ. ನಿದ್ದೆಗೆಟ್ಟ ಮೈಗೆ ಕಡಲು ಬೇಗ ಹತ್ತುತ್ತದೆ. ನಾವು ನಡುವೆ ಒಂದು ರಾತ್ರಿ ತಂಗಿದೆವು.

ಗೊತ್ತು ಮಾಡಿದ ದಿನ ಬೆಳಗಿನ ಜಾವ ನಾಲ್ಕೂವರೆಗೆ ಧಕ್ಕೆಗೆ ಹೋದರೆ ತಾಂಡೇಲರು, ಅಂದರೆ ಬೋಟ್ ನಡೆಸುವ ಹಿರಿಯರು, ಕೈ ಅಲ್ಲಾಡಿಸಿದರು. ‘ಹೊರಗೆ ಗಾಳಿ ಉಂಟು. ಇವತ್ತು ಬೇಡ ಮಾರಾಯ್ರೆ, ನಾಳೆ ನೋಡುವ.’ ನಮ್ಮ ಕಣ್ಣಿಗೆ ನೀರು ತಣ್ಣಗೆ ಕಾಣುತ್ತಿತ್ತು. ಒಬ್ಬನಿಗೆ ಸೋಮವಾರ ಮೀಟಿಂಗು. ‘ಸ್ವಲ್ಪ ಹತ್ತಿರಕ್ಕಾದ್ರೂ ಹೋಗಿ ಬರೋಣ’ ಅಂತ ಅವನು ಒತ್ತಾಯ ಮಾಡತೊಡಗಿದ.

ಕಾಕಾ ಅವನ ಹೆಗಲ ಮೇಲೆ ಕೈ ಇಟ್ಟರು. ‘ಏ ತಮ್ಮಾ, ಕಾರಂಜಾದಾಗ ನನ್ನ ಮಾತು ನಡೀತದ. ಇಲ್ಲಿ ಅವರ ಮಾತು ನಡೀಬೇಕು. ನೀರು ನೋಡಿದವ್ರು ಬ್ಯಾಡ ಅಂದ್ರ ಬ್ಯಾಡ.’ ಎಲ್ಲರಿಗಿಂತ ಹೆಚ್ಚು ಆಸೆ ಇಟ್ಟುಕೊಂಡು ಬಂದವರೇ ಹೀಗೆ ಅಂದ ಮೇಲೆ ಉಳಿದವರು ಸುಮ್ಮನಾದೆವು. ಹೆಚ್ಚಿಗೆ ತೆಗೆದಿದ್ದ ಆ ಒಂದು ದಿನದ ರಜೆ ಕೆಲಸಕ್ಕೆ ಬಂತು. ಇಲ್ಲದಿದ್ದರೆ ಎರಡೇ ದಾರಿ: ಹಟ ಹಿಡಿದು ಹೋಗುವುದು, ಇಲ್ಲಾ ಹೊಟ್ಟೆ ಉರಿಸಿಕೊಂಡು ವಾಪಸಾಗುವುದು.

ಮಾರನೇ ದಿನ ಹೋದೆವು. ದಂಡೆ ಕಣ್ಮರೆಯಾದಾಗ ಕಾಕಾ ಎದ್ದು ನಿಂತು ಒಂದು ಸುತ್ತು ನಾಲ್ಕೂ ಕಡೆ ನೋಡಿ ಮತ್ತೆ ಕೂತರು, ಮಾತಾಡಲಿಲ್ಲ. ಇಬ್ಬರು ವಾಂತಿ ಮಾಡಿಕೊಂಡರು. ಅಂಜಲ್ ಒಂದೂ ಬೀಳಲಿಲ್ಲ. ನಾಲ್ಕು ಕೊಕ್ಕರ್, ಒಂದು ಸಣ್ಣ ಮುರು ಮೀನು. ಮುರುವನ್ನು ಕಾಕಾ ಮತ್ತೆ ನೀರಿಗೇ ಬಿಟ್ಟರು. ಜಾಕೆಟ್ಟನ್ನು ಸಂಜೆ ಧಕ್ಕೆಗೆ ಕಾಲಿಡುವವರೆಗೂ ಬಿಚ್ಚಲಿಲ್ಲ.

ಮೀನನ್ನು ಮಲ್ಪೆಯಲ್ಲೇ ಕರಿಸಿ ತಿಂದೆವು. ಊರಿಗೆ ಬಂದದ್ದು ಬೇರೆ: ಹೊರಡುವ ಮೊದಲು ಕಾಕಾ ಬಂದರಿನ ಅಂಗಡಿಯಲ್ಲಿ ಚೌಕಾಸಿ ಮಾಡಿ ಎರಡು ಲೈಫ್ ಜಾಕೆಟ್ ಕೊಂಡರು. ಮೂವತ್ತು ವರ್ಷ ಕಾರಂಜಾದಲ್ಲಿ ಅವರೂ ಹಾಕಿದ್ದಿಲ್ಲ, ಜೊತೆಯವರೂ ಹಾಕಿದ್ದಿಲ್ಲ. ಈಗ ಅವರ ಚಿಕ್ಕ ಮಗ ಬಲೆ ಹಾಕಲು ಹೊರಟರೆ, ಅದು ಮೈಮೇಲೆ ಇಲ್ಲದೆ ತೆಪ್ಪದ ಹಗ್ಗ ಬಿಚ್ಚಲು ಬಿಡುವುದಿಲ್ಲವಂತೆ.